ಪಕ್ಕದ ಆಸನದವರ ಹಕ್ಕು



ಹಾಸನದ ಬಸ್ ನಿಲ್ದಾಣದಿಂದ ಚನ್ನರಾಯಪಟ್ಟಣಕ್ಕಾಗಲಿ, ಹೊಳೆನರಸೀಪುರಕ್ಕಾಗಲಿ, ಅರಕಲಗೂಡಿಗಾಗಲಿ ಹೊರಟವರಿಗೆ ದಾರಿ ಮೂವತ್ತು ನಲವತ್ತು ಕಿಲೋಮೀಟರು. ಸುಮಾರು ಒಂದು ಗಂಟೆಯ ಪ್ರಯಾಣ. ಸಂಜೆಯ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು, ಆಸ್ಪತ್ರೆಗೆ ಬಂದು ಹಿಂದಿರುಗುವ ಮುದುಕರು, ಕಚೇರಿಯ ಕೆಲಸ ಮುಗಿಸಿದ ರೈತರು, ಅಂದಿನ ಕೂಲಿಯನ್ನು ಕಿಸೆಯಲ್ಲಿಟ್ಟುಕೊಂಡ ಕೆಲಸಗಾರರು ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿರುತ್ತಾರೆ. ಇವರಲ್ಲೊಬ್ಬನು ಚೀಲದಿಂದ ಸೀಸೆಯೊಂದನ್ನು ತೆಗೆದು ಬಿರಡೆಯನ್ನು ತಿರುಗಿಸಿದನೆನ್ನಿ. ಅದು ಅವನ ಸ್ವಂತ ವಿಷಯವೇ, ಊರಿನ ವಿಷಯವೇ, ಸರ್ಕಾರದ ವಿಷಯವೇ? ಈ ಪ್ರಶ್ನೆಯನ್ನು ತಮ್ಮೊಡನೆ ಕೊಂಚ ವಿಚಾರಮಾಡಬೇಕೆಂಬುದು ನನ್ನ ಅಪೇಕ್ಷೆ.

ಈ ವಿಚಾರದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಕೇಳುತ್ತೇವೆ. ಮದ್ಯಪಾನ ಅನಿಷ್ಟವಾದುದರಿಂದ ಅದು ಕಂಡಲ್ಲೆಲ್ಲ ಸರ್ಕಾರ ಅದನ್ನು ಕಿತ್ತೊಗೆಯಬೇಕು ಎನ್ನುವುದು ಒಂದು. ಪ್ರಾಯಕ್ಕೆ ಬಂದ ಮನುಷ್ಯನ ಊಟ, ಉಡುಪು, ಪಾನಗಳಲ್ಲಿ ಸರ್ಕಾರಕ್ಕೇನು ಕೆಲಸ ಎನ್ನುವುದು ಇನ್ನೊಂದು. ಎರಡು ಪಕ್ಷದವರೂ ಎಷ್ಟೇ ಜಗಳವಾಡಿದರೂ ಒಂದು ವಿಷಯದಲ್ಲಿ ಒಂದೇ: ಇಬ್ಬರ ದೃಷ್ಟಿಯೂ ಕುಡಿಯುವವನ ಮೇಲೆಯೇ ನೆಟ್ಟಿರುತ್ತದೆ. ಅವನ ಪಕ್ಕದ ಆಸನದಲ್ಲಿ ಮುದುಡಿ ಕುಳಿತವರನ್ನು ಇಬ್ಬರೂ ನೋಡುವುದಿಲ್ಲ. ನನ್ನ ಮಾತು ಆ ಪಕ್ಕದವರನ್ನು ಕುರಿತದ್ದು.

ಕುಡಿಯುವವನನ್ನು ತಿದ್ದಲು ನಮ್ಮ ಸರ್ಕಾರಗಳು ಪಟ್ಟ ಶ್ರಮಕ್ಕೆ ಒಂದು ಚರಿತ್ರೆಯೇ ಇದೆ. ಪಾನನಿರೋಧಕ್ಕಾಗಿ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ನಮ್ಮ ಸಂವಿಧಾನದ ೪೭ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ಮೈಸೂರು ರಾಜ್ಯದಲ್ಲಿ ೧೯೬೧ರ ಪಾನನಿರೋಧ ಕಾಯಿದೆ ಬಂದಿತು. ೧೯೬೫ರಲ್ಲಿ ಅಬಕಾರಿ ಕಾಯಿದೆ ಬಂದಿತು. ೧೯೬೭ರಲ್ಲಿ ಪಾನನಿರೋಧವನ್ನೇ ಕೈಬಿಡಲಾಯಿತು. ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕನ್ನಡಿಗರಿಗೆ ೧೯೪೯ರ ಮುಂಬಯಿ ಕಾಯಿದೆ ಅನ್ವಯಿಸುತ್ತಿತ್ತು. ಆ ಕಾಯಿದೆಯಲ್ಲಿ ಮದ್ಯವನ್ನು ಹೊಗಳುವುದು ಸಹ ಅಪರಾಧವಾಗಿತ್ತು! ೧೯೫೧ರಲ್ಲಿ, ಬಲ್ಸಾರಾ ಎಂಬವರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಪಾನನಿರೋಧದ ಮುಖ್ಯ ಭಾಗವನ್ನು ಎತ್ತಿಹಿಡಿದರೂ, ಹೊಗಳಿಕೆಯನ್ನು ದಂಡಿಸುವ ಮಾತು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೆಗೆದುಹಾಕಿತು. ರಾಜರತ್ನಂ ಅವರ ಎಂಡ್ಕುಡ್ಕ ರತ್ನ ಆ ದಿನಗಳಲ್ಲಿ ಧಾರವಾಡದ ಬೀದಿಯಲ್ಲಿ ತನ್ನ ಪದಗಳನ್ನು ಹಾಡಿದ್ದರೆ ಅವನ ಗತಿ ಏನಾಗುತ್ತಿತ್ತೆಂದು ಯೋಚಿಸಿದರೆ ನಗು ಬರುತ್ತದೆ. ತಿದ್ದುವ ಉತ್ಸಾಹ ಎಲ್ಲೆ ಮೀರಿದಾಗ ಕಾನೂನು ಬಾಟಲಿಯಿಂದ ಬಾಯಿಗೆ, ಬಾಯಿಯಿಂದ ಮಾತಿಗೆ ಹರಿಯುತ್ತದೆ.

ಇನ್ನು ಸಮೀಪದ ಚರಿತ್ರೆ. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರರಷ್ಟು ಜನ ಸತ್ತರು. ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಕುಡುಕ ಗಂಡಂದಿರಿಂದ ಬೆಂದಿದ್ದ ಹೆಂಗಸರ ದುಃಖ ಆ ನಿಷೇಧದ ಬೆನ್ನಿಗಿತ್ತೆಂಬುದನ್ನು ಮರೆಯಬಾರದು. ಆದರೆ ಒಂದು ವರ್ಷ ತುಂಬುವುದರೊಳಗೆ, ೨೦೦೮ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಸೀಮೆಯಲ್ಲಿ ಮತ್ತೆ ಕಳ್ಳಮದ್ಯಕ್ಕೆ ನೂರಕ್ಕೂ ಮಿಕ್ಕು ಜನ ಬಲಿಯಾದರು. ಅತ್ತ, ೨೦೦೩ರಲ್ಲಿ ಸ್ಥಾಪಿತವಾದ ಸರ್ಕಾರಿ ಪಾನೀಯ ನಿಗಮದ ಉಗ್ರಾಣಗಳ ಮೂಲಕವೇ ರಾಜ್ಯದ ಅಂಗಡಿಗಳಿಗೆ ಮದ್ಯ ಹೋಗುತ್ತದೆ. ಸರ್ಕಾರದ ಇನ್ನೊಂದು ಸಂಸ್ಥೆಯಾದ ಎಂಎಸ್‌ಐಎಲ್ ತಾನೇ ಮಳಿಗೆಗಳನ್ನು ತೆರೆದಿದೆ. ೨೦೨೩-೨೪ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ ೩೬,೦೦೦ ಕೋಟಿ ರೂಪಾಯಿ.

ಹೀಗೆ ಒಂದು ಕೈಯಲ್ಲಿ ಸೀಸೆಯನ್ನು ಕೊಟ್ಟು ಇನ್ನೊಂದು ಕೈಯಲ್ಲಿ ಬೆತ್ತ ಹಿಡಿದವರು ತಂದೆಯ ಸ್ಥಾನದಲ್ಲಿ ನಿಂತು ಉಪದೇಶಿಸಿದರೆ ಕೇಳುವವರಾರು? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ತೀರಕ್ಕೆ ಸಮೀಪದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಧೂಮಪಾನ ನಿಷೇಧದ ಸೂಚನೆಯಿದೆ. ರೈತನ ಜೀವನೋಪಾಯ ಬೇರೆ, ಪ್ರಯಾಣಿಕನ ಉಸಿರು ಬೇರೆ. ಆದುದರಿಂದ ಇದನ್ನು ನಾನು ಬರಿಯ ಕಪಟವೆನ್ನುವುದಿಲ್ಲ. ಆದರೆ ಆ ಸೂಚನೆಗೆ ಆಧಾರವಾಗಬೇಕಾದದ್ದು ಸೇದುವವನ ಉದ್ಧಾರವಲ್ಲ, ಹೊಗೆಯನ್ನು ನುಂಗಬೇಕಾದ ಇತರರ ರಕ್ಷಣೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು ನಮ್ಮ ಅಬಕಾರಿ ಕಾಯಿದೆಯ ೧೫ಎ ಪ್ರಕರಣ ನಿಷೇಧಿಸುತ್ತದೆ. ಈ ಪ್ರಕರಣದ ಬಲೆಗೆ ಬೀಳುವವರು ಯಾರು? ಚಿಲ್ಲರೆ ಮದ್ಯದಂಗಡಿಗೆ ಕೊಡುವ ಸಿಎಲ್ ೨ ಸನ್ನದಿನ ಪ್ರಕಾರ ಅಲ್ಲಿ ಕೊಳ್ಳಬಹುದು, ಕುಳಿತು ಕುಡಿಯುವಂತಿಲ್ಲ. ಬಾರಿನಲ್ಲಿ ಕುಳಿತುಕೊಳ್ಳಲು ಹಣ ಹೆಚ್ಚು ಬೇಕು. ಮನೆಯಲ್ಲಿ ಒಂದೇ ಕೋಣೆ. ಅಲ್ಲಿ ಹೆಂಡತಿ ಮಕ್ಕಳು. ಆಗ ಅವನು ಪೆಟ್ಟಿಗೆ ಅಂಗಡಿಯ ಮರೆಯನ್ನೋ, ಕೆರೆಯ ಏರಿಯನ್ನೋ, ಬಸ್ಸಿನ ಹಿಂದಿನ ಆಸನವನ್ನೋ ಹುಡುಕುತ್ತಾನೆ. ಅನುಕೂಲಸ್ಥನಿಗೆ ಕ್ಲಬ್ಬಿದೆ, ಮನೆಯ ಮಹಡಿಯಿದೆ, ಸ್ವಂತ ಕಾರಿದೆ. ಖಾಸಗಿ ಜೀವನದ ಸ್ವಾತಂತ್ರ್ಯವೆಂದು ನಾವು ವಿದ್ಯಾವಂತರು ಹೇಳುವಾಗ, ಆ ಸ್ವಾತಂತ್ರ್ಯಕ್ಕೆ ಮೊದಲು ಒಂದು ಖಾಸಗಿ ಕೋಣೆ ಬೇಕೆಂಬುದನ್ನು ಮರೆತಿರುತ್ತೇವೆ. ಒಂದೇ ನಿಯಮ ಎಲ್ಲರಿಗೂ ಸಮನಾಗಿ ಬರೆದಿದ್ದರೂ, ಸಮನಾಗಿ ತಗಲುವುದಿಲ್ಲ.

ಹಾಗಾದರೆ ಬಸ್ಸಿನಲ್ಲಿ ಅವನಿಗೆ ಕುಡಿಯಲು ಬಿಡಬೇಕೆ? ಕೂಡದು. ಅದೇ ನ್ಯಾಯವೇ ಇಲ್ಲಿ ಮರುಮುಖವಾಗಿ ಅನ್ವಯಿಸುತ್ತದೆ. ಬಸ್ಸು ಸ್ವಂತ ವಾಹನವಿಲ್ಲದವರ ವಾಹನ. ಬೀದಿಯಲ್ಲಿ ಕುಡಿದವನೊಬ್ಬ ಎದುರಾದರೆ ರಸ್ತೆಯ ಆ ಬದಿಗೆ ಸರಿಯಬಹುದು. ಚಲಿಸುವ ಬಸ್ಸಿನಲ್ಲಿ ಸರಿಯಲು ಎಡೆಯಿಲ್ಲ, ಇಳಿದರೆ ಮುಂದಿನ ಬಸ್ಸು ಇದೆಯೋ ಇಲ್ಲವೋ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತ ಮೇಲಂತೂ, ಹಿಂದೆ ಮನೆ ಬಿಟ್ಟು ಹೊರಡದಿದ್ದ ಎಷ್ಟೋ ಮಂದಿ ದೇವಸ್ಥಾನಕ್ಕೆ, ತವರಿಗೆ, ಕೆಲಸಕ್ಕೆ ಹೊರಟಿದ್ದಾರೆ. ಟಿಕೇಟಿನ ಹಣ ಉಳಿದು ಭಯ ಉಳಿದುಕೊಂಡರೆ ಆ ಸ್ವಾತಂತ್ರ್ಯ ಅರ್ಧವೇ ಆಯಿತು. ಲಂಡನ್ ನಗರದ ಬಸ್ಸು ಮತ್ತು ಸುರಂಗ ರೈಲುಗಳಲ್ಲಿ ೨೦೦೮ರ ಜೂನ್ ೧ರಿಂದ ಮದ್ಯ ಸೇವನೆಯನ್ನು ನಿಷೇಧಿಸಲಾಯಿತು. ಆ ಊರಿನ ಪಾನಗೃಹಗಳನ್ನು ಅದಕ್ಕಾಗಿ ಮುಚ್ಚಲಿಲ್ಲ. ೨೦೨೧ರಲ್ಲಿ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು ಹಾಕುವುದನ್ನು ಉಚ್ಚ ನ್ಯಾಯಾಲಯದ ಆದೇಶದಂತೆ ತಡೆಯಲಾಯಿತು. ಅದರಿಂದ ಸಂಗೀತಕ್ಕೆ ಅಪಚಾರವಾಯಿತೆಂದು ಯಾರೂ ಹೇಳಲಿಲ್ಲ. ಕೇಳುವವನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಲಿ, ಪಕ್ಕದವರಿಗೆ ಬಲವಂತ ಬೇಡ ಎಂಬುದಷ್ಟೇ ಅದರ ಸಾರ.

ಆದರೆ ನಿಯಮ ಎಲ್ಲಿ ನಿಲ್ಲಬೇಕೆಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ೧೯೮೯ರ ರೈಲ್ವೆ ಕಾಯಿದೆಯಲ್ಲಿ ಎರಡು ಪ್ರಕರಣಗಳಿವೆ. ೧೬೭ನೆಯದು, ಸಹಪ್ರಯಾಣಿಕನೊಬ್ಬ ಆಕ್ಷೇಪಿಸಿದರೆ ಡಬ್ಬಿಯಲ್ಲಿ ಧೂಮಪಾನ ಮಾಡಕೂಡದೆಂದು ಆರಂಭವಾಗುತ್ತದೆ. ೧೪೫ನೆಯದು, ಇತರರಿಗೆ ಉಪದ್ರವ ಕೊಡುವವನನ್ನೂ ಕೇವಲ ಅಮಲೇರಿದ ಸ್ಥಿತಿಯಲ್ಲಿರುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮೊದಲನೆಯದು ಪಕ್ಕದವರ ಕಣ್ಣಿನಿಂದ ನೋಡಿದ ಕಾನೂನು. ಎರಡನೆಯದರಲ್ಲಿ ಸುಮ್ಮನೆ ಕಿಟಕಿಗೆ ತಲೆಯಾನಿಸಿ ನಿದ್ರಿಸುವವನೂ ಅಪರಾಧಿ. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟುಅರ್ಟ್ ಮಿಲ್ ಸ್ವಾತಂತ್ರ್ಯವನ್ನು ಕುರಿತ ೧೮೫೯ರ ಪ್ರಬಂಧದಲ್ಲಿ ಈ ವಿವೇಚನೆಯನ್ನೇ ಮಾಡಿದ್ದಾನೆ. ಕುಡಿದನೆಂಬ ಒಂದೇ ಕಾರಣಕ್ಕೆ ಯಾರನ್ನೂ ಶಿಕ್ಷಿಸಬಾರದು, ಕಾವಲುಗಾರ ಕೆಲಸದಲ್ಲಿರುವಾಗ ಕುಡಿದರೆ ಶಿಕ್ಷಿಸಬೇಕು ಎಂಬುದು ಅವನ ಅಭಿಪ್ರಾಯ. ನಮ್ಮ ಬಸ್ಸಿಗೆ ಅದನ್ನು ಅನ್ವಯಿಸಿದರೆ, ಚಾಲಕನ ರಕ್ತದಲ್ಲಿ ಮದ್ಯವನ್ನು ಸಹಿಸಲಾಗದು, ಪ್ರಯಾಣಿಕನ ಕೈಯಲ್ಲಿ ತೆರೆದ ಸೀಸೆಯನ್ನು ಸಹಿಸಲಾಗದು. ಆದರೆ ಪ್ರಯಾಣಿಕನ ಉಸಿರನ್ನು ಮೂಸಿ ನೋಡುವ ಅಧಿಕಾರ ಯಾರಿಗೂ ಬೇಕಿಲ್ಲ.

ಇದು ಬರಿಯ ತತ್ತ್ವದ ಮಾತಲ್ಲ, ಪ್ರಾಣದ ಮಾತು. ಕುಡಿದವನು ಹೇಗಾದರೂ ಮನೆ ಸೇರಲೇಬೇಕು. ಬಸ್ಸು ಅವನನ್ನು ಹತ್ತಿಸಿಕೊಳ್ಳದಿದ್ದರೆ ಅವನು ಮೋಟಾರ್ ಸೈಕಲ್ ಏರುತ್ತಾನೆ. ವಾಹನ ನಡೆಸುವವನ ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. ೨೦೧೯ರ ತಿದ್ದುಪಡಿಯಿಂದ ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ. ಈ ಕಾಯಿದೆ ಸಫಲವಾಗಬೇಕಾದರೆ ಕುಡಿದವನಿಗೆ ಬೇರೊಂದು ದಾರಿ ತೆರೆದಿರಬೇಕು. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ರಾತ್ರಿಯ ಲಾರಿಗಳ ನಡುವೆ ತೂರಾಡುವ ದ್ವಿಚಕ್ರವಾಹನಕ್ಕಿಂತ, ಬಸ್ಸಿನ ಮೂಲೆಯಲ್ಲಿ ತೂಕಡಿಸುವ ಪ್ರಯಾಣಿಕ ಅವನ ಮಕ್ಕಳಿಗೂ ಕ್ಷೇಮ, ಇತರರಿಗೂ ಕ್ಷೇಮ.

ಎಲ್ಲೆ ಮೀರಿದ ಕಾನೂನಿನ ದೃಷ್ಟಾಂತ ಬೇಕಾದರೆ ಬಿಹಾರವನ್ನು ನೋಡಬಹುದು. ೨೦೧೬ರಲ್ಲಿ ಅಲ್ಲಿ ಬಂದ ಪಾನನಿರೋಧ ಕಾಯಿದೆ, ಮನೆಯಲ್ಲಿ ಮದ್ಯ ಸಿಕ್ಕಿದರೆ ಕುಟುಂಬದ ವಯಸ್ಕರನ್ನೆಲ್ಲ ಹೊಣೆಮಾಡುವಷ್ಟು ಕಠೋರವಾಗಿತ್ತು. ೨೦೧೮ರಲ್ಲಿ ಅದನ್ನು ಸಡಿಲಿಸಬೇಕಾಯಿತು. ೨೦೨೨ರಲ್ಲಿ ಮೊದಲ ಸಲ ಕುಡಿದು ಸಿಕ್ಕಿಬಿದ್ದವನು ದಂಡ ತೆತ್ತು ಬಿಡುಗಡೆ ಹೊಂದುವಂತೆ ಮತ್ತೆ ತಿದ್ದಬೇಕಾಯಿತು. ಗಂಡನಿಂದ ನೊಂದ ಹೆಂಡತಿಯನ್ನು ರಕ್ಷಿಸಲೆಂದು ಹುಟ್ಟಿದ ಕಾನೂನು, ಗಂಡನ ಸೀಸೆಗಾಗಿ ಅವಳನ್ನೇ ಕಟಕಟೆಗೆ ಕರೆಯುವ ಸ್ಥಿತಿಗೆ ಬಂದದ್ದು ಎಂಥ ವಿಪರ್ಯಾಸ!

ಸರ್ಕಾರ ನಮ್ಮ ನಡತೆಯ ಮೇಲೆ ನಿಯಮವೊಂದನ್ನು ತಂದಾಗಲೆಲ್ಲ ನಾನು ಎರಡು ಪ್ರಶ್ನೆಗಳನ್ನು ಕೇಳುತ್ತೇನೆ. ಇದರಿಂದ ರಕ್ಷಣೆ ಪಡೆಯುವವರು ಯಾರು? ಅವರ ರಕ್ಷಣೆ ಮುಗಿದಲ್ಲಿ ನಿಯಮವೂ ಮುಗಿಯುತ್ತದೆಯೇ? ಬಸ್ಸಿನಲ್ಲಿ ಸೀಸೆ ತೆರೆಯಬಾರದೆಂಬ ನಿಯಮ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಕುಡಿದವನು ಬಸ್ಸು ಹತ್ತಲೇಬಾರದೆಂಬ ನಿಯಮ ತೇರ್ಗಡೆಯಾಗುವುದಿಲ್ಲ.

ಇದನ್ನು ನಡೆಸುವವರು ಕೊನೆಗೆ ನಮ್ಮ ನಿರ್ವಾಹಕರೇ. ಅನುಭವಿಗಳಾದ ಎಷ್ಟೋ ನಿರ್ವಾಹಕರು ಯಾವ ಪ್ರಕರಣವನ್ನೂ ಉಚ್ಚರಿಸದೆ ಇದನ್ನು ನಡೆಸುತ್ತಿರುವುದನ್ನು ನಾನು ನೋಡಿದ್ದೇನೆ. ಸೀಸೆಯನ್ನು ಚೀಲಕ್ಕೆ ಸೇರಿಸುತ್ತಾರೆ. ಹುಡುಗಿಯರನ್ನು ಮುಂದಿನ ಆಸನಕ್ಕೆ ಕಳಿಸುತ್ತಾರೆ. ಕೂಗಾಡುವವನನ್ನು ನಡುದಾರಿಯ ಕತ್ತಲೆಯಲ್ಲಿ ತಳ್ಳದೆ ಜನವಿರುವ ನಿಲ್ದಾಣದಲ್ಲಿ ಇಳಿಸುತ್ತಾರೆ. ಸುಮ್ಮನಿರುವವನನ್ನು ಅವನ ಊರು ಬಂದಾಗ ಎಬ್ಬಿಸುತ್ತಾರೆ. ಶಾಸನ ಬರೆಯುವವರು ವಿಧಾನಸೌಧದಿಂದ ಹೊರಟು ಈ ಬಸ್ಸುಗಳಲ್ಲೊಂದರಲ್ಲಿ ಸಂಜೆಯ ಹೊತ್ತು ಅರಕಲಗೂಡಿನವರೆಗೆ ಪ್ರಯಾಣ ಮಾಡಿದರೆ, ನಿಯಮಕ್ಕೆ ಎಷ್ಟು ಉದ್ದದ ವಾಕ್ಯ ಸಾಕೆಂಬುದು ಅವರಿಗೇ ತಿಳಿದೀತು.