ರೋಗನಿರ್ಣಯ ಬೇರೆ, ಚಿಕಿತ್ಸೆ ಬೇರೆ



ಹವಾಮಾನದ ಬಗೆಗೂ ತೆರಿಗೆಯ ಬಗೆಗೂ ವೈದ್ಯರನ್ನು ಮಾತಿಗೆ ಕರೆಯುವುದು ಹಲ್ಲುನೋವಿಗೆ ಜೋಯಿಸರನ್ನು ಕೇಳಿದಂತೆ ಎಂದು ಕೆಲವರಿಗೆ ಅನ್ನಿಸೀತು. ಆದರೆ ಕೆನಡಾದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ವಾದ ಎಷ್ಟು ಔತಣಗಳನ್ನು ಕೆಡಿಸಿದೆಯೆಂಬುದನ್ನು ನಾವೆಲ್ಲರೂ ಬಲ್ಲೆವು. ಇಂಗಾಲದ ತೆರಿಗೆಯ ಮಾತು ಬಂದೊಡನೆ ಒಬ್ಬರು ಎದುರಿನವರನ್ನು ಅಜ್ಞಾನಿಗಳೆನ್ನುತ್ತಾರೆ. ಅವರು ಇವರನ್ನು ಬಡವರ ಜೇಬಿಗೆ ಕೈಹಾಕುವವರೆನ್ನುತ್ತಾರೆ. ಹಲವು ವರ್ಷಗಳ ಸ್ನೇಹ ಒಂದು ಸಂಜೆಯಲ್ಲಿ ಮುರಿಯುತ್ತದೆ. ಆದ್ದರಿಂದ ಜಗಳದ ವಸ್ತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳುವುದು ಒಳಿತು.

ಊರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗಲೂ, ಇಲ್ಲಿ ರೆಸಿಡೆನ್ಸಿ ಮಾಡುವಾಗಲೂ ನಮಗೆ ಕಲಿಸಿದ ಶಿಸ್ತೊಂದಿದೆ: ರೋಗನಿರ್ಣಯವನ್ನೂ ಚಿಕಿತ್ಸೆಯನ್ನೂ ಒಂದರೊಳಗೊಂದು ಬೆರೆಸಕೂಡದು. ನಿರ್ಣಯವು ಸಾಕ್ಷ್ಯದ ಪ್ರಶ್ನೆ. ಚಿಕಿತ್ಸೆಯಲ್ಲಾದರೋ ಸಾಕ್ಷ್ಯದ ಜೊತೆಗೆ ರೋಗಿಯ ವಯಸ್ಸು, ಸಂಸಾರ, ಹಣಕಾಸು, ಇಷ್ಟಾನಿಷ್ಟಗಳೂ ಸೇರುತ್ತವೆ. ಔಷಧ ಕಹಿಯೆಂದು ರೋಗವೇ ಇಲ್ಲವೆನ್ನುವ ರೋಗಿಗಳನ್ನು ನಾವು ಕಂಡಿದ್ದೇವೆ. ರೋಗ ಖಚಿತವಾದ ಮೇಲೆ ತಾವು ಬರೆದ ಚೀಟಿಯನ್ನು ಯಾರೂ ಪ್ರಶ್ನಿಸಬಾರದೆನ್ನುವ ವೈದ್ಯರನ್ನೂ ಕಂಡಿದ್ದೇವೆ. ಹವಾಮಾನದ ವಾದದಲ್ಲಿ ಈ ಇಬ್ಬರೂ ಇದ್ದಾರೆ.

ಮೊದಲು ನಿರ್ಣಯ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆಂದು ಜಾನ್ ಟಿಂಡಲ್ 1859ರಲ್ಲಿ ಪ್ರಯೋಗಾಲಯದಲ್ಲಿ ಅಳೆದರು. ಅದು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದರು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿತ್ತು; ಇಂದು 420ನ್ನು ದಾಟಿದೆ. ಈ ಹೆಚ್ಚಳ ಮುಖ್ಯವಾಗಿ ಕಲ್ಲಿದ್ದಲು, ತೈಲಗಳಿಂದ ಬಂದುದೆಂಬುದಕ್ಕೆ ಇಂಗಾಲದ ಐಸೊಟೋಪುಗಳೇ ಸಾಕ್ಷಿ. ಪ್ರಮಾಣ ಇಮ್ಮಡಿಯಾದರೆ ಕಾಲಾಂತರದಲ್ಲಿ ಎಷ್ಟು ಡಿಗ್ರಿ ಏರೀತೆಂಬಲ್ಲಿ ಅನಿಶ್ಚಯವಿದೆ. ಅಂತರಸರ್ಕಾರಿ ಹವಾಮಾನ ಸಮಿತಿಯ 2021ರ ವರದಿ 2.5ರಿಂದ 4 ಡಿಗ್ರಿ ಸೆಲ್ಸಿಯಸ್ ಸಂಭವನೀಯವೆಂದಿದೆ. ಜ್ವರ ಎಷ್ಟಕ್ಕೇರೀತೆಂಬ ಸಂದೇಹ ಜ್ವರವೇ ಇಲ್ಲವೆಂಬುದಕ್ಕೆ ಆಧಾರವಾಗದು.

ಇನ್ನು ಚಿಕಿತ್ಸೆ. 2006ರಲ್ಲಿ ಬ್ರಿಟನ್ನಿನ ನಿಕೋಲಸ್ ಸ್ಟರ್ನ್ ತಮ್ಮ ವರದಿಯಲ್ಲಿ ತಡಮಾಡದೆ ದೊಡ್ಡ ಕ್ರಮ ಕೈಗೊಳ್ಳಬೇಕೆಂದರು. ಅಮೆರಿಕದ ವಿಲಿಯಂ ನಾರ್ಡ್‌ಹೌಸ್ — 2018ರಲ್ಲಿ ನೊಬೆಲ್ ಪಡೆದವರು — ಅದನ್ನು ಕಟುವಾಗಿ ವಿಮರ್ಶಿಸಿದರು. ಇಬ್ಬರೂ ವಿಜ್ಞಾನವನ್ನು ಒಪ್ಪಿದವರು; ಇಬ್ಬರೂ ಇಂಗಾಲಕ್ಕೆ ಬೆಲೆ ಕಟ್ಟಬೇಕೆಂದವರು. ಮುಖ್ಯ ಭೇದವಿದ್ದುದು ಮುಂದಿನ ಪೀಳಿಗೆಯ ನಷ್ಟವನ್ನು ಇಂದು ಎಷ್ಟೆಂದು ಎಣಿಸಬೇಕೆಂಬಲ್ಲಿ. ನೂರು ವರ್ಷಗಳ ನಂತರದ 100 ಡಾಲರ್ ನಷ್ಟವನ್ನು ಸ್ಟರ್ನ್ ಬಳಸಿದ ಶೇಕಡಾ 1.4ರ ದರದಲ್ಲಿ ಎಣಿಸಿದರೆ ಇಂದಿಗೆ ಸುಮಾರು 25 ಡಾಲರ್; ಶೇಕಡಾ 4ರಂತೆ ಎಣಿಸಿದರೆ ಬರಿಯ 2 ಡಾಲರ್. ಫಲವನ್ನು ತಾನು ಕಾಣದಿದ್ದರೂ ಮೊಮ್ಮಕ್ಕಳಿಗೆಂದು ಹಲಸಿನ ಸಸಿ ನೆಡುವ ಅಜ್ಜ ಅದಕ್ಕೆ ಇಂದು ಎಷ್ಟು ನೀರು ಹೊರಬೇಕು? ಇದಕ್ಕೆ ಉಷ್ಣಮಾಪಕ ಉತ್ತರ ಕೊಡಲಾರದು.

ನಮ್ಮ ಕೆನಡಾದ ಕಥೆಯೂ ಇಂತಹುದೇ. ಬ್ರಿಟಿಷ್ ಕೊಲಂಬಿಯಾ 2008ರಲ್ಲಿ ಟನ್ನಿಗೆ 10 ಡಾಲರಿನಂತೆ ತೆರಿಗೆ ಹಾಕಿ, ಇತರ ತೆರಿಗೆಗಳನ್ನು ತಗ್ಗಿಸಿತು. ಕೇಂದ್ರ ಸರ್ಕಾರದ ದರ 2019ರಲ್ಲಿ 20 ಡಾಲರಿನಿಂದ ಆರಂಭವಾಗಿ 2024ರಲ್ಲಿ 80ಕ್ಕೇರಿತು. ಹಣದ ಬಹುಪಾಲು ಕುಟುಂಬಗಳಿಗೇ ಮರಳುತ್ತಿತ್ತು. ಆದರೆ ಪೆಟ್ರೋಲು ತುಂಬಿಸುವಾಗ ಬೆಲೆ ಕಣ್ಣಿಗೆ ಬೀಳುತ್ತಿತ್ತು, ಬ್ಯಾಂಕಿಗೆ ಬಂದುದು ಬೀಳುತ್ತಿರಲಿಲ್ಲ. ಬಸ್ಸಿಲ್ಲದ ಊರಿನಿಂದ ದಿನವೂ ದೂರದ ಕೆಲಸಕ್ಕೆ ಹೋಗುವವರ ದೂರು ಸುಳ್ಳೂ ಆಗಿರಲಿಲ್ಲ. ಗ್ರಾಹಕರ ಮೇಲಿನ ಈ ಶುಲ್ಕ 2025ರ ಏಪ್ರಿಲ್ 1ರಂದು ನಿಂತಿತು. ದೊಡ್ಡ ಕೈಗಾರಿಕೆಗಳ ಮೇಲಿನದು ಉಳಿಯಿತು. ಚಿಕಿತ್ಸೆ ನಿಂತಿತೆಂದು ರೋಗ ನಿಲ್ಲಲಿಲ್ಲ. ಆ ಚಿಕಿತ್ಸೆ ಬೇಡವೆಂದವರೆಲ್ಲ ರೋಗವನ್ನು ಅಲ್ಲಗಳೆದವರೂ ಅಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮುಂದಿನ ಬಾರಿ ವಾದಕ್ಕೆ ತೊಡಗುವ ಮೊದಲು, ಇದು ನಿರ್ಣಯದ ಮಾತೋ ಚಿಕಿತ್ಸೆಯ ಮಾತೋ ಎಂದು ಕೇಳಿಕೊಳ್ಳೋಣ. ನಿರ್ಣಯದ್ದಾದರೆ ಅಳತೆಗಳನ್ನು ಮುಂದಿಡೋಣ, ದನಿಯೇರಿಸುವುದು ಬೇಡ. ಚಿಕಿತ್ಸೆಯದಾದರೆ ಎದುರಿನವರ ಸಂಸಾರದ ಭಾರವನ್ನು ಕೇಳಿ ತಿಳಿಯೋಣ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಈ ನೆಲದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಬಿಸಿಯೇರಿದ ಭೂಮಿಯೊಂದಿಗೆ ಮುರಿದ ಸ್ನೇಹಗಳನ್ನೂ ಬಿಟ್ಟುಹೋಗುವುದು ಬೇಡ.