ಜ್ವರ ಇಳಿದ ಬಳಿಕದ ಎರಡು ದಿನ



ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಇದೇ ಉರಿಯೂತ; ದೇಹವು ಆತ್ಮರಕ್ಷಣೆಗಾಗಿ ಹೂಡುವ ಹೋರಾಟ. ವೈರಾಣು ಸೋಂಕಿನಲ್ಲಿ ಈ ಹೋರಾಟವು ರಕ್ತದ ಮೂಲಕ ಇಡೀ ದೇಹವನ್ನು ವ್ಯಾಪಿಸಬಲ್ಲದು.

2024ರಲ್ಲಿ ರಾಜ್ಯ ಸರ್ಕಾರವು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಡೆಂಗಿ ಇದಕ್ಕೆ ನಿದರ್ಶನ. ವೈರಾಣು ಹೊಕ್ಕಾಗ ರಕ್ಷಣಾ ಕೋಶಗಳು ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತವೆ. ಜ್ವರವೂ ಮೈಕೈ ನೋವೂ ಇವುಗಳ ಫಲ. ಇವು ಮಿತಿಮೀರಿದರೆ ರಕ್ತನಾಳಗಳ ಒಳಪದರ ಸಡಿಲಗೊಂಡು ರಕ್ತದ ದ್ರವಾಂಶ ಹೊರಗೆ ಜಿನುಗುತ್ತದೆ. ಕೊಳವೆಮಾರ್ಗ ಸೋರಿದಾಗ ಒತ್ತಡ ಕುಸಿದು ಕೊನೆಯ ಮನೆಗೆ ನೀರು ತಲುಪದಿರುವಂತೆ, ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದು.

ಈ ಸೋರಿಕೆ ಸಾಮಾನ್ಯವಾಗಿ ಕಾಯಿಲೆಯ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ ಆರಂಭವಾಗಿ, 24ರಿಂದ 48 ಗಂಟೆಗಳವರೆಗೆ ಇರುತ್ತದೆ. ಜ್ವರ ಬಿಟ್ಟಿತೆಂದು ರೋಗಿಯು ಕೂಲಿಗೆ ಮರಳುವ ದಿನವೇ ಅಪಾಯದ ದಿನವಾಗಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತಸ್ರಾವ, ಅತಿಯಾದ ನಿತ್ರಾಣ ಕಂಡೊಡನೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಡೆಂಗಿಯ ಶಂಕೆಯಿರುವಾಗ ಅವನ್ನು ಸೇವಿಸಬಾರದು.

ಆದುದರಿಂದ ಸದಸ್ಯರು ತಮ್ಮ ವಾರ್ಡಿನ ಜ್ವರಪೀಡಿತರ ಮನೆಗಳನ್ನು ಗುರುತಿಸಿ, ಜ್ವರ ಇಳಿದ ಬಳಿಕವೂ ಎರಡು ದಿನ ಆಶಾ ಕಾರ್ಯಕರ್ತೆಯೊಡನೆ ಭೇಟಿ ನೀಡಬೇಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಬರಿದುಮಾಡಿ, ಉಜ್ಜಿ ಒಣಗಿಸಿದರೆ ಅವುಗಳಲ್ಲಿ ಈಡಿಸ್ ಸೊಳ್ಳೆ ಬೆಳೆಯದು. ಜ್ವರ ಇಳಿದ ಮನೆಯ ಬಾಗಿಲಲ್ಲಿ ಕೇಳುವ ಒಂದು ಪ್ರಶ್ನೆಯಿಂದ ಒಂದು ಜೀವ ಉಳಿಯಬಹುದು.