ಮನೆಯ ಸೈಕಲ್‌ಗೆ ಮನೆಯಲ್ಲೇ ಆರೈಕೆ

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ನಾಸಿಕ್‌ನಿಂದ, ಛತ್ರಪತಿ ಸಂಭಾಜಿನಗರದಿಂದ ಕೂಡಿಕೊಂಡಿರುವ ಅಕ್ಕ-ತಂಗಿಯರೇ,

ನಾಸಿಕ್‌ನವರಿಗೆ ಸೈಕಲ್ ಎಂದರೆ ಹೆಮ್ಮೆ. 2015ರಲ್ಲಿ ಇಲ್ಲಿಯ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಅಮೆರಿಕವನ್ನು ಅಡ್ಡ ಹಾಯುವ ಸುಮಾರು 4,800 ಕಿ.ಮೀ. ಸ್ಪರ್ಧೆಯನ್ನು ಇಬ್ಬರ ತಂಡವಾಗಿ ಪೂರೈಸಿದರು. ಆದರೆ ಇವತ್ತಿನ ಮಾತು ಅಂಥ ಸೈಕಲ್ ಬಗ್ಗೆ ಅಲ್ಲ. ಮಗಳು ಟ್ಯೂಷನ್‌ಗೆ ಒಯ್ಯುವ, ನಾವು ತರಕಾರಿಗೆ ಒಯ್ಯುವ, ಮೆಟ್ಟಿಲ ಕೆಳಗೆ ನಿಂತಿರುವ ಸೈಕಲ್ ಬಗ್ಗೆ.

ಮನೆಯಲ್ಲಿ ಸೈಕಲ್ ತುಳಿಯುವವರು ನಾವು, ಮಕ್ಕಳು. ಬ್ರೇಕ್ ಸಡಿಲವಾದರೆ ಮಾತ್ರ 'ಅಪ್ಪ ಭಾನುವಾರ ನೋಡ್ತಾರೆ' ಅನ್ನುತ್ತೇವೆ. ಭಾನುವಾರ ಬರುವ ತನಕ ಮಗು ಅದೇ ಬ್ರೇಕ್ ನಂಬಿಕೊಂಡು ರಸ್ತೆಗೆ ಇಳಿಯುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಬದಲಿಸುವ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಕೈಗೆ ಇದು ಕಷ್ಟವೇ ಅಲ್ಲ. ಮೂರು ಹೆಸರು ನೆನಪಿಟ್ಟುಕೊಳ್ಳಿ: ಗಾಳಿ, ಬ್ರೇಕ್, ಚೈನ್.

ಮೊದಲು ಗಾಳಿ. ಎಷ್ಟಿರಬೇಕು ಎಂಬುದು ಟಯರಿನ ಪಕ್ಕದಲ್ಲೇ ಪಿಎಸ್‌ಐ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನ ಗಾಳಿ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೋಡಬೇಕು. ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಸಾಧಾರಣ ಸೈಕಲ್‌ಗಳ ವಾಲ್ವಿನೊಳಗೆ ಪುಟ್ಟ ರಬ್ಬರ್ ನಳಿಕೆ ಇರುತ್ತದೆ. ಅದು ಹಳತಾದರೂ ಗಾಳಿ ಹೋಗುತ್ತದೆ. ವಾಲ್ವಿನ ತುದಿಗೆ ಒಂದು ಹನಿ ನೀರು ಹಚ್ಚಿ. ಗುಳ್ಳೆ ಬಂದರೆ ದೋಷ ಅಲ್ಲೇ.

ಎರಡನೆಯದು ಬ್ರೇಕ್. ಹಿಡಿ ಒತ್ತಿದಾಗ ಅದು ಹ್ಯಾಂಡಲ್‌ಗೆ ತಾಗಬಾರದು. ತಾಗಿದರೆ ಬ್ರೇಕ್ ತಂತಿ ಸಡಿಲವಾಗಿದೆ ಎಂದರ್ಥ. ತಂತಿ ಹೊರಡುವ ಕಡೆ ಬೆರಳಿನಿಂದ ತಿರುಗುವ ಸಣ್ಣ ತಿರುಪು ಇರುತ್ತದೆ. ಅದನ್ನು ಹೊರಬರುವಂತೆ ಅರ್ಧರ್ಧ ಸುತ್ತು ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಬೇಕು, ಟಯರಿಗೆ ತಾಗಬಾರದು. ರಬ್ಬರಿನ ಗೀರುಗಳು ಸವೆದುಹೋಗಿದ್ದರೆ ಎರಡನ್ನೂ ಬದಲಿಸಿ. ರಿಮ್ಮಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಎಚ್ಚರ.

ಮೂರನೆಯದು ಚೈನ್. ಹಳೆಯ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತ ಒರೆಸಿ. ಕೊಂಡಿಗೊಂದು ಹನಿ ಸೈಕಲ್ ಎಣ್ಣೆ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನು ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಧೂಳನ್ನಷ್ಟೇ ಹಿಡಿಯುತ್ತದೆ. ಅಡುಗೆ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಚೈನ್ ಸವೆದಿದೆಯೇ ಎಂದು ನೋಡಲು ಸ್ಕೇಲ್ ಸಾಕು: ಒಂದು ಪಿನ್ನಿನಿಂದ ಇಪ್ಪತ್ತನಾಲ್ಕನೇ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಬದಲಿಸುವ ಕಾಲ ಬಂದಿದೆ. ತಡಮಾಡಿದರೆ ಹಲ್ಲಿನ ಚಕ್ರವೂ ಸವೆದು ಖರ್ಚು ಹೆಚ್ಚುತ್ತದೆ.

ಇನ್ನು ಪಂಕ್ಚರ್. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗ ಗುರುತು ಮಾಡಿ. ಗಾಳಿ ಬಿಟ್ಟು, ಒರೆಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ. ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸಬೇಡಿ. ಹಸಿ ಆರಲಿ, ಆಮೇಲೆ ಒತ್ತಿ. ಟ್ಯೂಬ್ ಹಾಕುವ ಮುನ್ನ ಟಯರಿನ ಒಳಗೆ ಬಟ್ಟೆ ಸವರಿ. ಜಾಲಿ ಮುಳ್ಳು ಅಲ್ಲೇ ಉಳಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ. ಬಿಟ್ಟರೆ ನಾಳೆ ಮತ್ತೆ ಪಂಕ್ಚರ್.

ನಾಸಿಕ್‌ನವರು ಮಳೆಯಲ್ಲಿ ಹೋಗಿ ಬಂದ ದಿನವೇ ಚೈನ್ ಒರೆಸಿ ಎಣ್ಣೆ ಬಿಡಿ. ಸಂಭಾಜಿನಗರದವರು ಬೇಸಿಗೆಯಲ್ಲಿ ಸೈಕಲನ್ನು ನೆರಳಲ್ಲಿಡಿ. ಬಿಸಿಲು ರಬ್ಬರನ್ನು ಒಡೆಸುತ್ತದೆ. ಎಲ್ಲರೂ ದುಪಟ್ಟಾ, ಸೆರಗು ಬಿಗಿದು ಕಟ್ಟಿ. ಚೈನ್ ಕವರ್ ಮುರಿದಿದ್ದರೆ ಮೊದಲು ಅದನ್ನು ಹಾಕಿಸಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಬಲವಂತ ಮಾಡಬೇಡಿ. ಚಕ್ರ ಓಲಾಡುತ್ತಿದ್ದರೆ, ಕಡ್ಡಿ ಮುರಿದಿದ್ದರೆ, ಫ್ರೇಮ್ ಬಿರುಕು ಬಿಟ್ಟಿದ್ದರೆ ಅಂಗಡಿಗೇ ಒಯ್ಯಿರಿ.

1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಬಸ್ಸಿಗೆ, ಗಂಡಸರಿಗೆ ಕಾಯುವುದು ತಪ್ಪಿತು. ನಮಗೆ ತುಳಿಯಲು ಬರುತ್ತದೆ. ರಿಪೇರಿಗೆ ಕಾಯುವುದೊಂದು ಉಳಿದಿದೆ.

ಈ ವಾರ ಹದಿನೈದು ನಿಮಿಷ ತೆಗೆದಿಡಿ. ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಬ್ರೇಕ್ ನೋಡಿ, ಉಳಿದದ್ದು ಆಮೇಲೆ.